ಪೇಟಕ್ಕೆ ಯಾವ ಬಣ್ಣ? ಕಟ್ಟಿಸುವ ಮುಂಚೆ ಇಷ್ಟು ನೋಡಿಕೊಳ್ಳಿ

ಮದುವೆ ಸೀಸನ್ ಶುರುವಾದರೆ ಸಾಕು, ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಮಗಳ ಮದುವೆ ಪಂಜಾಬಿ ಹುಡುಗನ ಜೊತೆ, ಬೀಗರು ನಮ್ಮ ಕಡೆಯವರಿಗೂ ಪಗಡಿ ಕಟ್ಟಿಸ್ತಾರಂತೆ, ಬಣ್ಣ ನೀವೇ ಹೇಳಿ ಅಂದಿದ್ದಾರೆ, ಯಾವುದು ಹೇಳೋದು? ಗೆಳೆಯನ ಮದುವೆಗೆ ಜೋಧ್‌ಪುರಕ್ಕೆ ಹೋಗ್ತಿದ್ದೀವಿ, ಬಿಳಿ ಸಾಫಾ, ಅಂದರೆ ಅಲ್ಲಿನ ಪೇಟ, ನಡೆಯುತ್ತಾ? ನಿವೃತ್ತರಾಗುವ ಮೇಷ್ಟ್ರಿಗೆ ಸನ್ಮಾನ ಇದೆ, ಅಂಗಡಿಯಲ್ಲಿ ಬಣ್ಣಬಣ್ಣದ ಮೈಸೂರು ಪೇಟ ಸಾಲಾಗಿ ಇಟ್ಟಿದ್ದಾರೆ, ಯಾವುದು ತರೋದು?

ನೆಟ್‌ನಲ್ಲಿ ಹುಡುಕಿದರೆ ಕೇಸರಿ ಅಂದ್ರೆ ತ್ಯಾಗ, ಬಿಳಿ ಅಂದ್ರೆ ಶಾಂತಿ, ನೀಲಿ ಅಂದ್ರೆ ಶೌರ್ಯ ಅಂತ ಪಟ್ಟಿಗಳು ಸಿಗುತ್ತವೆ. ಅದನ್ನೇ ನಂಬಿಕೊಂಡು ಅಂಗಡಿಗೆ ಹೋಗಬೇಡಿ. ಅದೇ ಬಿಳಿ ಕೊಡಗಿನಲ್ಲಿ ಮದುಮಗನ ತಲೆಯ ಮೇಲಿರುತ್ತದೆ, ರಾಜಸ್ಥಾನದ ಹಲವು ಮನೆಗಳಲ್ಲಿ ಸಾವಿನ ಮನೆಯ ಬಣ್ಣವಾಗಿರುತ್ತದೆ. ಬಣ್ಣ ಒಂದೇ ಇದ್ದರೂ ಊರು, ಸಂದರ್ಭ, ಕಟ್ಟಿಕೊಂಡವರು ಯಾರು ಅನ್ನುವುದರ ಮೇಲೆ ಅರ್ಥ ಬದಲಾಗುತ್ತದೆ. ಹಾಗಾಗಿ ಬಣ್ಣಕ್ಕಿಂತ ಮುಂಚೆ ಬೇರೆ ನಾಲ್ಕು ವಿಷಯ ನೋಡಬೇಕು.

ಮೊದಲು ಇವನ್ನು ಕೇಳಿಕೊಳ್ಳಿ

ಒಂದು, ಕಾರ್ಯ ಯಾರ ಮನೆಯದು. ಅವರ ಪದ್ಧತಿಯೇ ಮುಖ್ಯ, ನಿಮ್ಮ ಸೂಟಿನ ಬಣ್ಣ ಆಮೇಲೆ.

ಎರಡು, ಆ ಮನೆಯವರಿಗೆ ಪೇಟ ಧರ್ಮದ ಭಾಗವೋ, ಸಂಭ್ರಮದ ಉಡುಗೆಯೋ. ಇಲ್ಲಿ ಜನ ಜಾಸ್ತಿ ಎಡವುತ್ತಾರೆ. ನಮಗೆ ಪೇಟ ಅಂದರೆ ಸನ್ಮಾನದ ದಿನ ಇಟ್ಟುಕೊಂಡು ಸಂಜೆ ಕಪಾಟಿಗೆ ಸೇರಿಸುವ ವಸ್ತು. ಸಿಖ್ಖರಿಗೆ ದಸ್ತಾರ್, ಅಂದರೆ ಅವರ ಪಗಡಿ, ದಿನನಿತ್ಯದ ನಂಬಿಕೆ. 1699ರ ವೈಸಾಖಿಯಂದು ಆನಂದಪುರ ಸಾಹಿಬ್‌ನಲ್ಲಿ ಗುರು ಗೋಬಿಂದ್ ಸಿಂಗ್ ಖಾಲ್ಸಾ, ಅಂದರೆ ದೀಕ್ಷೆ ಪಡೆದ ಸಿಖ್ಖರ ಬಳಗ, ಕಟ್ಟಿದಾಗಿನಿಂದ, ಕತ್ತರಿಸದ ಕೂದಲು ಮತ್ತು ಅದನ್ನು ಕಾಪಾಡುವ ದಸ್ತಾರ್ ಒಟ್ಟಿಗೇ ನಡೆದುಕೊಂಡು ಬಂದಿವೆ. ಹೆಣ್ಣುಮಕ್ಕಳೂ ಕಟ್ಟುತ್ತಾರೆ. 2022ರಲ್ಲಿ ಬೆಂಗಳೂರಿನ ಕಾಲೇಜೊಂದರಲ್ಲಿ ಅಮೃತಧಾರಿ (ದೀಕ್ಷೆ ಪಡೆದ) ಸಿಖ್ ವಿದ್ಯಾರ್ಥಿನಿಗೆ ದಸ್ತಾರ್ ತೆಗೆಯಲು ಹೇಳಿದ್ದು ಸುದ್ದಿಯಾಗಿತ್ತು, ನೆನಪಿರಬಹುದು.

ಆದರೆ ಬಣ್ಣದ ವಿಷಯಕ್ಕೆ ಬಂದರೆ ಸಿಖ್ಖರಲ್ಲಿ ಕಟ್ಟಳೆಯೇ ಇಲ್ಲ. ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ 1945ರಲ್ಲಿ ಒಪ್ಪಿದ ರಹತ್ ಮರ್ಯಾದೆ, ಅಂದರೆ ಸಿಖ್ಖರ ನಡವಳಿಕೆಯ ಕಟ್ಟಳೆ, ದಸ್ತಾರ್ ಇರಬೇಕು ಅನ್ನುತ್ತದೆ, ಯಾವ ಬಣ್ಣ ಅಂತ ಹೇಳುವುದಿಲ್ಲ. ಮುಂದೆ ನಾನು ಹೇಳುವುದೆಲ್ಲ ರೂಢಿ, ಪಂಗಡ, ರಾಜಕೀಯ ಮತ್ತು ರುಚಿಯ ಮಾತು.

ಮೂರು, ಕಟ್ಟಿಕೊಳ್ಳುವವರು ಯಾರು. ಮದುಮಗನಾ, ಹುಡುಗಿಯ ಅಪ್ಪನಾ, ಅತಿಥಿಯಾ, ಇತ್ತೀಚೆಗೆ ಮನೆಯಲ್ಲಿ ಸಾವಾದವರಾ.

ನಾಲ್ಕು, ಬಟ್ಟೆ ಮತ್ತು ದುಡ್ಡು. ಇದಕ್ಕೆ ಕೊನೆಯಲ್ಲಿ ಬರುತ್ತೇನೆ. ಬಜೆಟ್ ಕಡಿಮೆ ಇದ್ದಾಗ ಕೆಲವು ಬಣ್ಣಗಳು ಮೋಸ ಮಾಡುತ್ತವೆ.

ಕೇಸರಿ ಮತ್ತು ಬಸಂತಿ

ಇವೆರಡನ್ನು ನಮ್ಮವರು ಒಂದೇ ಅಂದುಕೊಳ್ಳುತ್ತಾರೆ. ಕೇಸರಿ ಕಿತ್ತಳೆಯ ಕಡೆ ವಾಲುತ್ತದೆ, ಬಸಂತಿ ಸಾಸಿವೆ ಹೂವಿನ ಹಳದಿ. ಪಂಜಾಬಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಗುರುದ್ವಾರದ ಮುಂದೆ ಹಾರುವ ಧ್ವಜ ನಿಶಾನ್ ಸಾಹಿಬ್‌ನ ಬಟ್ಟೆ ಬಸಂತಿ ಇಲ್ಲವೇ ಸುರ್ಮಯಿ, ಅಂದರೆ ಬೂದು ನೀಲಿ, ಇರಬೇಕೆಂದು ರಹತ್ ಮರ್ಯಾದೆಯಲ್ಲಿದೆ. ಎಷ್ಟೋ ಕಡೆ ಅದು ಕೇಸರಿಯಾಗಿಬಿಟ್ಟಿತ್ತು. 2024ರಲ್ಲಿ ಪ್ರಬಂಧಕ ಸಮಿತಿ ಮತ್ತೆ ಆ ನಿಯಮವನ್ನು ನೆನಪಿಸಿ ಬಣ್ಣ ಬದಲಿಸಲು ಹೇಳಿತು. ಧ್ವಜಕ್ಕೆ ನಿಯಮ ಇದೆ, ತಲೆಗೆ ಇಲ್ಲ ಅನ್ನುವುದನ್ನು ಗಮನಿಸಿ.

ವೈಸಾಖಿ, ಗುರುಗಳ ಸ್ಮರಣೆಯ ಗುರುಪರ್ವ, ನಗರ ಕೀರ್ತನೆಯ ಮೆರವಣಿಗೆಗೆ ಹೋಗುವವರಿಗೆ ಇವೆರಡೂ ಒಳ್ಳೆಯ ಆಯ್ಕೆ. ಮೆರವಣಿಗೆಯಲ್ಲಿ ಮುಂದೆ ನಡೆಯುವ ಪಂಜ್ ಪ್ಯಾರೆಗಳ, ಅಂದರೆ ಗುರುವಿನ ಐವರು ಪ್ರಿಯರ, ಮೈಮೇಲೆ ಹೆಚ್ಚಾಗಿ ಕಾಣುವುದೂ ಇದೇ ಬಣ್ಣ. ಮೊದಲ ಐವರು ಪಂಜ್ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು, ಕ್ಷೌರಿಕರ ಮನೆಯವರು. ಬೀದರಿನ ನಾನಕ್ ಝೀರಾ ಸಾಹಿಬ್‌ಗೆ ಹೋದರೆ ಬಾಗಿಲಲ್ಲೇ ತಲೆಗೆ ಕಟ್ಟಿಕೊಳ್ಳಲು ಬಟ್ಟೆ ಕೊಡುತ್ತಾರೆ. ಅಲ್ಲಿಗೆ ಪೇಟ ಕೊಂಡುಹೋಗುವ ಅಗತ್ಯವೇ ಇಲ್ಲ, ತಲೆ ಮುಚ್ಚಿದರಾಯಿತು.

ಬಸಂತಿಗೆ ಇನ್ನೊಂದು ಹೊರೆ ಇದೆ, ಭಗತ್ ಸಿಂಗ್. 2022ರ ಮಾರ್ಚ್ 16ರಂದು ಭಗವಂತ್ ಮಾನ್ ಪಂಜಾಬಿನ ಮುಖ್ಯಮಂತ್ರಿಯಾಗಿ ಖಟ್ಕಡ್ ಕಲಾಂನಲ್ಲಿ ಪ್ರಮಾಣವಚನ ತೆಗೆದುಕೊಂಡಾಗ ಗಂಡಸರು ಬಸಂತಿ ಪಗಡಿ, ಹೆಂಗಸರು ಬಸಂತಿ ದುಪಟ್ಟಾ ಹಾಕಿಕೊಂಡು ಬನ್ನಿ ಅಂತ ಕರೆ ಕೊಟ್ಟಿದ್ದರು. ಖಟ್ಕಡ್ ಕಲಾಂ ಭಗತ್ ಸಿಂಗ್ ಅವರ ಮನೆತನದ ಊರು. ತಮಾಷೆ ಅಂದರೆ ಎಲ್ಲರಿಗೂ ಗೊತ್ತಿರುವ ಅವರ ಫೋಟೋದಲ್ಲಿ ತಲೆಯ ಮೇಲಿರುವುದು ಹ್ಯಾಟು. ಹಳದಿ ಪಗಡಿ ಕಲಾವಿದರು ಕೊಟ್ಟದ್ದು. ಇರಲಿ, ಜನ ಒಪ್ಪಿಕೊಂಡ ಮೇಲೆ ಅದಕ್ಕೂ ಒಂದು ಅರ್ಥ ಬಂದೇ ಬಂತು.

ರಜಪೂತರಲ್ಲಿ ಕೇಸರಿಯಾ ಬಣ್ಣಕ್ಕೆ ಎರಡು ಮುಖ. ಕೋಟೆ ಉಳಿಯುವುದಿಲ್ಲ ಅಂತ ಖಚಿತವಾದಾಗ ಕೊನೆಯ ಹೋರಾಟಕ್ಕೆ ಕೇಸರಿ ತೊಟ್ಟು ಹೊರಡುತ್ತಿದ್ದರು. ಮದುವೆಗೆ ಹೊರಡುವ ವರನಿಗೂ ಅದೇ ಬಣ್ಣ. ಹಾಗಾಗಿ ರಾಜಸ್ಥಾನದ ಮದುವೆಯಲ್ಲಿ ಅಚ್ಚ ಕೇಸರಿ ಸಾಫಾ ವರನ ಕಡೆಗೆ ಬಿಟ್ಟುಕೊಡಿ. ಮನೆಯವರೇ ಅತಿಥಿಗಳಿಗೆಲ್ಲ ಕೇಸರಿ ಕಟ್ಟಿಸುತ್ತಿದ್ದರೆ ಮಾತು ಬೇರೆ.

ಈಗ ಕರ್ನಾಟಕಕ್ಕೆ ಬನ್ನಿ. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದದ ಹೊತ್ತಿಗೆ ಉಡುಪಿಯಲ್ಲಿ ವಿದ್ಯಾರ್ಥಿಗಳು ಕೇಸರಿ ಶಾಲು, ಕೇಸರಿ ಪೇಟ ಹಾಕಿಕೊಂಡು ಕಾಲೇಜಿಗೆ ಬಂದದ್ದನ್ನು ಇಡೀ ದೇಶ ನೋಡಿತು. ಅಂದಿನಿಂದ ನಮ್ಮಲ್ಲಿ ಸಾರ್ವಜನಿಕ ವೇದಿಕೆಯ ಮೇಲೆ ಕೇಸರಿ ಪೇಟ ಸುಮ್ನೆ ಒಂದು ಬಣ್ಣ ಅಲ್ಲ. ಮದುವೆಯಲ್ಲಿ, ಮಠದಲ್ಲಿ, ಜಾತ್ರೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ. ಸರ್ಕಾರಿ ಶಾಲೆಯ ಸನ್ಮಾನಕ್ಕೆ, ಎಲ್ಲ ಧರ್ಮದವರೂ ಕೂತಿರುವ ಸಭೆಗೆ ನಾನಾದರೆ ಬೇರೆ ಬಣ್ಣ ತರುತ್ತೇನೆ. ಸನ್ಮಾನ ಮಾಡಿಸಿಕೊಳ್ಳುವವರನ್ನು ಯಾಕೆ ಮುಜುಗರಕ್ಕೆ ತಳ್ಳಬೇಕು, ಅಲ್ವಾ?

ಬಿಳಿ

ಎಲ್ಲಿ ಬೇಕಾದರೂ ನಡೆಯುತ್ತದೆ ಅನ್ನಿಸುವ ಬಣ್ಣ ಇದು. ನೋಡಿಕೊಂಡು ಬಳಸಬೇಕಾದ್ದೂ ಇದೇ.

ಮೈಸೂರು ಸೀಮೆಯಲ್ಲಿ ಬಿಳಿಗೆ ಹಿರಿತನದ ಗೌರವ. ಬಿಳಿ ಪೇಟ, ಜರಿ ಅಂಚು ಅಂದ ತಕ್ಷಣ ಸರ್ ಎಂ. ವಿಶ್ವೇಶ್ವರಯ್ಯ ಕಣ್ಣ ಮುಂದೆ ಬರುತ್ತಾರೆ. ರಾಧಾಕೃಷ್ಣನ್ ಅವರ ಬಿಳಿ ರುಮಾಲೂ ಅಷ್ಟೇ ಪರಿಚಿತ, ಅವರೂ ಕೆಲಕಾಲ ಮೈಸೂರಿನಲ್ಲಿ ಪಾಠ ಹೇಳಿದವರೇ. ಹಾಗಾಗಿ ಮೇಷ್ಟ್ರು, ಎಂಜಿನಿಯರು, ವೈದ್ಯರು, ಸಾಹಿತಿಗಳ ಸನ್ಮಾನಕ್ಕೆ ಬಿಳಿ ಅಥವಾ ಕೆನೆ ಬಣ್ಣದ ಮೈಸೂರು ಪೇಟಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಅಚ್ಚ ಬಿಳಿ ಮತ್ತು ಕೆನೆಯ ನಡುವೆ ಆರಿಸುವುದಾದರೆ ಕೆನೆ ತನ್ನಿ. ಕುಂಕುಮ ಉದುರಿದರೂ, ಹಣೆಯ ಬೆವರು ಇಳಿದರೂ ಎದ್ದು ಕಾಣುವುದಿಲ್ಲ. ಫೋಟೋದಲ್ಲೂ ಅಚ್ಚ ಬಿಳಿ ಫ್ಲ್ಯಾಶ್‌ಗೆ ವಿಪರೀತ ಹೊಳೆದು ಜರಿಯೇ ಕಾಣಿಸದೆ ಹೋಗುತ್ತದೆ.

ಕೊಡಗಿನಲ್ಲಿ ಬಿಳಿಯ ಕಥೆ ಬೇರೆ. ಅಲ್ಲಿ ಗಂಡಸರು ಸಮಾರಂಭಗಳಿಗೆ ತೊಡುವ ಕುಪ್ಯ, ಅಂದರೆ ಉದ್ದನೆಯ ಅಂಗಿ, ಕಪ್ಪು. ಮದುಮಗನಿಗೆ ಮಾತ್ರ ಬಿಳಿ ಕುಪ್ಯ, ಸೊಂಟಕ್ಕೆ ಕೆಂಪು ಚೇಲೆ, ಪೀಚೆಕತ್ತಿ, ತಲೆಗೆ ಚಪ್ಪಟೆ ನೆತ್ತಿಯ ಮಂಡೆ ತುಣಿ, ಬಿಳಿಯ ಮೇಲೆ ಚಿನ್ನದ ಕೆಲಸ. ಬಿಳಿ ಕುಪ್ಯ ಇನ್ನೊಮ್ಮೆ ಮೈಮೇಲೆ ಬರುವುದು ಸತ್ತಾಗ. ಅತಿಥಿಯಾಗಿ ಹೋಗುವವರು ಮಂಡೆ ತುಣಿಯ ತಂಟೆಗೆ ಹೋಗದಿರುವುದೇ ವಾಸಿ. ಅದು ಫೋಟೋಕ್ಕೆ ಬಾಡಿಗೆ ತರುವ ವಸ್ತುವಲ್ಲ.

ಪಂಜಾಬಿನಲ್ಲಿ ವಯಸ್ಸಾದವರು ಬಿಳಿ ಕಟ್ಟುವುದು ಸಾಮಾನ್ಯ. ನಾಮಧಾರಿ ಸಿಖ್ಖರಿಗೆ ಅದು ಪಂಗಡದ ಗುರುತೇ. ಅವರು ಬಿಳಿಯನ್ನು ಹಣೆಗೆ ಅಡ್ಡಲಾಗಿ ನೇರವಾಗಿ ಕಟ್ಟುತ್ತಾರೆ, ಬೇರೆಯವರ ಹಾಗೆ ಮುಂದೆ ಮೂಲೆ ಬರುವುದಿಲ್ಲ. ಕಟ್ಟುವ ರೀತಿ ನೋಡಿಯೇ ಗೊತ್ತಾಗುತ್ತದೆ. ಬೀಗರು ನಾಮಧಾರಿಗಳಾಗಿದ್ದರೆ ಮದುವೆಯೂ ಬಿಳಿಯಲ್ಲೇ, ಸರಳವಾಗಿ ನಡೆಯುತ್ತದೆ. ಅಲ್ಲಿಗೆ ಗುಲಾಬಿ ಪಗಡಿ ಹೊತ್ತುಕೊಂಡು ಹೋಗಬೇಡಿ.

ರಾಜಸ್ಥಾನದ ಮದುವೆಗೆ ಬಿಳಿ ನಡೆಯುತ್ತಾ ಅಂತ ಕೇಳಿದವರಿಗೆ ಉತ್ತರ: ಬೇಡ. ಅಲ್ಲಿನ ಬಿಷ್ಣೋಯಿ ಸಮುದಾಯದ ಗಂಡಸರು ದಿನವೂ ಬಿಳಿ ಸಾಫಾ ಕಟ್ಟುತ್ತಾರೆ, ನಿಜ. ಆದರೆ ಹಲವು ಸಮುದಾಯಗಳಲ್ಲಿ ಬಿಳಿ, ಖಾಕಿ, ಕಡು ಬಣ್ಣದ ಸಾದಾ ಸಾಫಾಗಳು ಶೋಕದ ದಿನಗಳಿಗೆ ಮೀಸಲು. ಮದುವೆ ಮನೆಯ ಬಣ್ಣದ ನಡುವೆ ಒಬ್ಬರೇ ಬಿಳಿ ಕಟ್ಟಿ ನಿಂತರೆ ಯಾರೂ ಬೈಯುವುದಿಲ್ಲ, ಯಾರ ಮನೆಯಲ್ಲಿ ಏನಾಯಿತು ಅಂತ ಹಿರಿಯರೊಬ್ಬರು ಕೇಳಬಹುದು.

ಸಾವಿನ ಮನೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಉತ್ತರದ ಹಿಂದೂ, ಸಿಖ್ ಕುಟುಂಬಗಳಲ್ಲಿ ಮನೆಯ ಹಿರಿಯ ತೀರಿಕೊಂಡ ಮೇಲೆ ಹಿರಿಮಗನಿಗೆ ಎಲ್ಲರೆದುರು ಪಗಡಿ ಕಟ್ಟುವ ಕ್ರಮವಿದೆ, ರಸಂ ಪಗಡಿ ಅನ್ನುತ್ತಾರೆ. ಮನೆಯ ಜವಾಬ್ದಾರಿ ಇನ್ನು ಅವನದು ಅಂತ. ಎಷ್ಟೋ ಮನೆಗಳಲ್ಲಿ ಆ ಪಗಡಿಯನ್ನು ಹೆಂಡತಿಯ ತವರಿನವರು ತರುತ್ತಾರೆ. ಮಗಳನ್ನು ಆ ಕಡೆ ಕೊಟ್ಟಿದ್ದರೆ ನಿಮ್ಮ ಮೇಲೂ ಈ ಕೆಲಸ ಬರಬಹುದು. ಬಣ್ಣ ಊಹಿಸಬೇಡಿ, ಅಳಿಯನ ಚಿಕ್ಕಪ್ಪನನ್ನೋ ಸೋದರಮಾವನನ್ನೋ ಕೇಳಿ ತನ್ನಿ.

ನೀಲಿ

ಕಡು ನೀಲಿ ಅಂದರೆ ನಿಹಂಗರು. ಖಾಲ್ಸಾದ ಯೋಧ ಪರಂಪರೆಯವರು. ಎತ್ತರದ ದುಮಾಲಾ ಪಗಡಿ, ಅದರ ಸುತ್ತ ಉಕ್ಕಿನ ಚಕ್ರಗಳು, ಮೈಮೇಲೂ ನೀಲಿಯೇ. ಹೋಲಾ ಮೊಹಲ್ಲಾ ಹಬ್ಬಕ್ಕೆ ಆನಂದಪುರಕ್ಕೆ ಹೋದರೆ ಕಣ್ತುಂಬ ನೋಡಬಹುದು. ಅಕಾಲಿ ದಳದ ನಾಯಕರು ನೀಲಿ ಪಗಡಿ ಕಟ್ಟುವುದರಿಂದ ಪಂಜಾಬಿನ ಚುನಾವಣೆ ಹೊತ್ತಲ್ಲಿ ಅದಕ್ಕೆ ಪಕ್ಷದ ಬಣ್ಣವೂ ಹತ್ತುತ್ತದೆ.

ಹಾಗಂತ ನೀಲಿ ಕಂಡಲ್ಲೆಲ್ಲ ಅರ್ಥ ಹುಡುಕಬೇಡಿ. ಮನಮೋಹನ್ ಸಿಂಗ್ ಅವರ ತಿಳಿ ನೀಲಿ ಪಗಡಿಯ ಬಗ್ಗೆ ಎಷ್ಟು ಊಹೆಗಳಿದ್ದವು! 2006ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಾಗ ಅವರೇ ಹೇಳಿದ್ದು, ಅದು ತಮಗೆ ಇಷ್ಟವಾದ ಬಣ್ಣ, ಅಲ್ಲಿ ಓದಿದ ದಿನಗಳನ್ನು ನೆನಪಿಸುತ್ತದೆ ಅಂತ. ತಿಳಿ ನೀಲಿ ಕೇಂಬ್ರಿಜ್‌ನ ಬಣ್ಣ. ದಿನಾ ಕಚೇರಿಗೆ ಹೋಗುವ ಸಿಖ್ಖರಲ್ಲಿ ಎಷ್ಟೋ ಜನ ಕಡು ನೀಲಿ, ಕಪ್ಪು, ಮರೂನ್ ಇಟ್ಟುಕೊಳ್ಳುವುದು ಯಾವ ಅಂಗಿಗಾದರೂ ಹೊಂದುತ್ತದೆ ಅಂತ, ಅಷ್ಟೇ.

ಅತಿಥಿಯಾಗಿ ನಿಮಗೆ ನೀಲಿ ಬೇಕೇ ಬೇಕು ಅಂದರೆ ತಿಳಿ ನೀಲಿ, ನವಿಲು ನೀಲಿ ತೆಗೆದುಕೊಳ್ಳಿ. ನಿಹಂಗರ ನೀಲಿಯನ್ನು ನಿಹಂಗರಿಗೆ ಬಿಡಿ. ಬಿಷ್ಣೋಯಿ ಮನೆಯ ಕಾರ್ಯವಾದರೆ ನೀಲಿ ಬೇಡವೇ ಬೇಡ. ಅವರ 29 ನಿಯಮಗಳಲ್ಲಿ ನೀಲಿ ಬಟ್ಟೆ ತೊಡಬಾರದು ಅನ್ನುವುದೂ ಒಂದು.

ಕೆಂಪು, ಮರೂನ್, ಗುಲಾಬಿ

ಮದುವೆಗೆ ಏನೂ ಯೋಚನೆ ಮಾಡದೆ ಆರಿಸಬಹುದಾದ ಗುಂಪು ಇದು. ಪಂಜಾಬಿನಲ್ಲಿ ವರನಿಗೆ ಕೆಂಪು, ಮರೂನ್, ಗುಲಾಬಿ ಮೂರೂ ನಡೆಯುತ್ತವೆ. ದಿಬ್ಬಣದವರಿಗೆಲ್ಲ ಒಂದೇ ಗುಲಾಬಿ ಕಟ್ಟಿಸುವುದು ಈಗ ಹೆಚ್ಚು. ಬೀಗರು ಬಣ್ಣ ನೀವೇ ಹೇಳಿ ಅಂದರೆ ನನ್ನ ಸಲಹೆ ತಿಳಿ ಗುಲಾಬಿ ಅಥವಾ ಪೀಚ್. ನಮ್ಮ ಕಡೆಯ ರೇಷ್ಮೆ ಪಂಚೆ, ಕೆನೆ ಬಣ್ಣದ ಜುಬ್ಬದ ಜೊತೆ ಚೆನ್ನಾಗಿ ಕೂರುತ್ತದೆ, ವರನ ಕಡು ಬಣ್ಣಕ್ಕೆ ಪೈಪೋಟಿ ಕೊಡುವುದಿಲ್ಲ.

ಒಂದು ಎಚ್ಚರ. ಮದುವೆ ಗುರುದ್ವಾರದಲ್ಲಿ ಆನಂದ್ ಕಾರಜ್ ಕ್ರಮದಲ್ಲಿದ್ದರೆ ವರನಿಗೆ ಮುಖ ಮುಚ್ಚುವ ಸೆಹ್ರಾ, ಮುಕುಟ ಇತ್ಯಾದಿ ರಹತ್ ಮರ್ಯಾದೆ ಒಪ್ಪುವುದಿಲ್ಲ. ನಮ್ಮ ಬಾಸಿಂಗವನ್ನು ಪ್ರೀತಿಯಿಂದ ತಂದು ಪಗಡಿಗೆ ಕಟ್ಟಲು ಹೋಗುವ ಮುಂಚೆ ಕೇಳಿಕೊಳ್ಳಿ. ಬಾಸಿಂಗದ ಶಾಸ್ತ್ರವನ್ನು ನಮ್ಮ ಕಡೆಯ ಮುಹೂರ್ತಕ್ಕೆ ಇಟ್ಟುಕೊಂಡರೆ ಯಾರಿಗೂ ಇರುಸುಮುರುಸಿಲ್ಲ.

ಉತ್ತರ ಕರ್ನಾಟಕದಲ್ಲಂತೂ ಗುಲಾಬಿ, ಕೆಂಪು ರುಮಾಲು ಮದುವೆ, ಜಾತ್ರೆಗಳಲ್ಲಿ ಹೊಸದಲ್ಲ. ಹಿರಿಯರು ಬಿಳಿ ಪಟಗ ಸುತ್ತುತ್ತಾರೆ, ಮದುಮಗನಿಗೆ ಬಣ್ಣದ ರುಮಾಲು, ಮೇಲೆ ತುರಾಯಿ. ಅಲ್ಲಿನ ಮದುವೆಗೆ ಬೆಂಗಳೂರಿನಿಂದ ರೆಡಿಮೇಡ್ ಮೈಸೂರು ಪೇಟ ಹೊತ್ತುಕೊಂಡು ಹೋಗುವುದು ನನಗಂತೂ ಸರಿ ಕಾಣುವುದಿಲ್ಲ. ಅಲ್ಲೇ ಚಂದ ಸುತ್ತುವವರು ಇರುವಾಗ ಅಚ್ಚಿನ ಪೇಟ ಯಾಕೆ?

ಲಹರಿಯಾ ಮತ್ತು ಪಚರಂಗ

ಒಂದೇ ಬಣ್ಣ ಆರಿಸಲು ಆಗುತ್ತಿಲ್ಲ ಅನ್ನುವವರಿಗೆ ರಾಜಸ್ಥಾನದಲ್ಲಿ ದಾರಿ ಇದೆ. ಅಲ್ಲಿ ಬಣ್ಣಕ್ಕಿಂತ ಋತು ಮುಖ್ಯ. ಮಳೆಗಾಲದ ಶ್ರಾವಣಕ್ಕೆ ಓರೆ ಗೆರೆಗಳ ಲಹರಿಯಾ, ಹೋಳಿಯ ಹೊತ್ತಿಗೆ ಬಿಳಿಯ ಮೇಲೆ ಕೆಂಪು ಹಳದಿ ಇರುವ ಫಾಗುಣಿಯಾ, ಶುಭಕಾರ್ಯಕ್ಕೆ ಐದು ಬಣ್ಣದ ಪಚರಂಗ. ಮದುವೆಯ ಅತಿಥಿಗೆ ಪಚರಂಗ ಒಳ್ಳೆಯದು. ಯಾವ ಬಣ್ಣದ ಬಟ್ಟೆಗಾದರೂ ಹೊಂದುತ್ತದೆ.

ಲಹರಿಯಾ ಕೊಳ್ಳುವಾಗ ಮಾತ್ರ ಕಣ್ಣಿಟ್ಟು ನೋಡಿ. ಅಸಲಿ ಲಹರಿಯಾ ಮಾಡುವವರು ತೆಳು ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಸುತ್ತಿ, ಹಗ್ಗದಂತೆ ಮಾಡಿ, ನಡುನಡುವೆ ದಾರ ಬಿಗಿದು ಬಣ್ಣದಲ್ಲಿ ಅದ್ದುತ್ತಾರೆ. ದಾರ ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ, ಬಿಚ್ಚಿದಾಗ ಓರೆ ಗೆರೆಗಳು ಬರುತ್ತವೆ. ಎದುರು ಮೂಲೆಯಿಂದ ಇನ್ನೊಮ್ಮೆ ಹಾಗೇ ಮಾಡಿದರೆ ಗೆರೆಗಳು ಒಂದನ್ನೊಂದು ದಾಟಿ ಮೋಠಡಾ ಆಗುತ್ತದೆ. ಈ ಗೆರೆಗಳ ಅಂಚು ಸ್ವಲ್ಪ ಹರಡಿರುತ್ತದೆ, ಬಟ್ಟೆಯ ಎರಡೂ ಕಡೆ ಬಣ್ಣ ಅಷ್ಟೇ ಗಾಢ. ಸ್ಕೇಲು ಹಿಡಿದ ಹಾಗೆ ಗೆರೆ ನೇರವಾಗಿದ್ದು ಹಿಂದೆ ಮಂಕಾಗಿದ್ದರೆ ಅದು ಪ್ರಿಂಟು. ಒಂದು ದಿನದ ಮದುವೆಗೆ ಪ್ರಿಂಟು ಸಾಕು, ತಪ್ಪೇನಿಲ್ಲ. ಬೆಲೆ ಮಾತ್ರ ಪ್ರಿಂಟಿನದೇ ಕೊಡಿ.

ಹಸಿರು, ಕಪ್ಪು, ಹಳದಿ ಕೆಂಪು

ಹಸಿರಿಗೆ ನಮ್ಮಲ್ಲಿ ಎರಡು ನಂಟು. ರೈತ ಸಂಘದ ಹಸಿರು ಶಾಲಿನಿಂದಾಗಿ ಅದು ರೈತರ ಬಣ್ಣ. ಪ್ರಗತಿಪರ ಕೃಷಿಕರ ಸನ್ಮಾನಕ್ಕೆ ಹಸಿರು ಪೇಟ, ಹಸಿರು ಶಾಲು ಹೇಳಿ ಮಾಡಿಸಿದಂತಿರುತ್ತದೆ. ದರ್ಗಾಗಳಲ್ಲಿ ಹಸಿರು ಇಸ್ಲಾಮಿನ ಗೌರವದ ಬಣ್ಣ.

ಕಪ್ಪು ಮದುವೆಗೆ ಬೇಡ. ಆದರೆ ಅಶುಭ ಅಂತ ಎಲ್ಲ ಕಡೆ ತಿಳಿಯಬೇಡಿ. ಶಿಯಾ ಧರ್ಮಗುರುಗಳಲ್ಲಿ ಪ್ರವಾದಿಯ ವಂಶದವರು, ಅಂದರೆ ಸೈಯದರು, ಕಪ್ಪು ಪೇಟ ಕಟ್ಟುತ್ತಾರೆ, ಉಳಿದವರು ಬಿಳಿ. ಸಿಖ್ಖರಿಗೆ ಕಪ್ಪು ಪ್ರತಿಭಟನೆಯ ನೆನಪು. 1921ರ ಫೆಬ್ರವರಿಯಲ್ಲಿ ನನಕಾನಾ ಸಾಹಿಬ್‌ನಲ್ಲಿ ಹತ್ಯಾಕಾಂಡ ನಡೆದ ಆ ಗುರುದ್ವಾರ ಸುಧಾರಣಾ ಚಳವಳಿಯ ಕಾಲದಲ್ಲಿ ಅಕಾಲಿಗಳು, ಅಂದರೆ ಆ ಚಳವಳಿಯ ಸಿಖ್ಖರು, ಕಪ್ಪು ಪಗಡಿ ಕಟ್ಟಿ ಹೋರಾಡಿದರು.

ರಾಜ್ಯೋತ್ಸವಕ್ಕೆ ಹಳದಿ ಕೆಂಪು ಪೇಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನವೆಂಬರ್ 1ಕ್ಕೆ, ಕನ್ನಡ ಸಂಘದ ಕಾರ್ಯಕ್ರಮಕ್ಕೆ, ಅಮೆರಿಕದಲ್ಲೋ ದುಬೈಯಲ್ಲೋ ಕನ್ನಡಿಗರ ಕೂಟಕ್ಕೆ ಅದೇ ಸರಿ. ಮದುವೆಗೆ ಮಾತ್ರ ಬೇಡ, ಮೆರವಣಿಗೆಯಿಂದ ನೇರ ಬಂದ ಹಾಗೆ ಕಾಣುತ್ತದೆ.

ಬಟ್ಟೆ, ದುಡ್ಡು

ಬೆಂಗಳೂರಿನ ಬಳೇಪೇಟೆ, ಅವೆನ್ಯೂ ರಸ್ತೆಯ ಕಡೆ ಸಿಗುವ ರೆಡಿಮೇಡ್ ಪೇಟಗಳಲ್ಲಿ ಅಗ್ಗದ್ದಕ್ಕೂ ದುಬಾರಿಯದಕ್ಕೂ ಹತ್ತು ಪಟ್ಟು ವ್ಯತ್ಯಾಸ ಇರಬಹುದು. ಕಡಿಮೆ ಬೆಲೆಯದರಲ್ಲಿ ಒಳಗೆ ರಟ್ಟು, ಮೇಲೆ ಪಾಲಿಸ್ಟರ್ ಸ್ಯಾಟಿನ್. ಹತ್ತು ಜನರ ಸನ್ಮಾನಕ್ಕೆ ಅದೇ ಸಾಕು. ಆದರೆ ಅಗ್ಗದ ಕೆಂಪು, ಮರೂನ್, ಕಡು ನೀಲಿ ತರಬೇಡಿ. ಬೆವರಿಗೆ ಬಣ್ಣ ಬಿಟ್ಟು ಹಣೆಯ ಮೇಲೆ ಪಟ್ಟೆ ಬೀಳುತ್ತದೆ. ಒದ್ದೆ ಕರವಸ್ತ್ರದಿಂದ ಒಳಭಾಗ ಉಜ್ಜಿ ನೋಡಿದರೆ ಅಲ್ಲೇ ಗೊತ್ತಾಗುತ್ತದೆ. ದುಡ್ಡು ಕಡಿಮೆ ಇದ್ದರೆ ಕೆನೆ, ತಿಳಿ ಗುಲಾಬಿ, ಚಿನ್ನದ ಬಣ್ಣಗಳೇ ಸುರಕ್ಷಿತ. ಸೈಜು ಕೇಳದೆ ತರಬೇಡಿ. ಸನ್ಮಾನಿತರ ಕಣ್ಣಿನವರೆಗೆ ಇಳಿದ ಪೇಟಕ್ಕೆ ಯಾವ ಬಣ್ಣವಾದರೇನು?

ಸಿಖ್ ಬೀಗರಿಗೆ ಉಡುಗೊರೆ ಕೊಡುವುದಾದರೆ ರೆಡಿಮೇಡ್ ಪೇಟ ಕೊಡಬೇಡಿ, ಬಟ್ಟೆಯಾಗಿಯೇ ಕೊಡಿ. ಫುಲ್ ವಾಯಿಲ್ ಅಥವಾ ರೂಬಿಯಾ ಹತ್ತಿ, ಐದರಿಂದ ಏಳು ಮೀಟರ್. ಎಷ್ಟು ಉದ್ದ ಬೇಕು ಅಂತ ಕೇಳಿಯೇ ಕತ್ತರಿಸಿ, ಒಬ್ಬೊಬ್ಬರದು ಒಂದೊಂದು ಅಳತೆ. ಕಟ್ಟುವ ಮುಂಚೆ ಇಬ್ಬರು ಎರಡು ತುದಿ ಹಿಡಿದು, ಎಳೆದು, ಮಡಿಸಿ ಪೂನಿ ಮಾಡುತ್ತಾರೆ. ಪಾಲಿಸ್ಟರ್ ಆದರೆ ಆ ಮಡಿಕೆ ನಿಲ್ಲುವುದೇ ಇಲ್ಲ, ಜಾರುತ್ತದೆ. ಹಾಗಾಗಿ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಪಾಲಿಸ್ಟರ್ ಉಪಯೋಗಕ್ಕೆ ಬರುವುದಿಲ್ಲ. ಬಣ್ಣ ಗೊತ್ತಾಗದಿದ್ದರೆ ಅವರು ದಿನಾ ಕಟ್ಟುವ ಬಣ್ಣಗಳನ್ನೇ ಗಮನಿಸಿ, ಅದಕ್ಕೆ ಹತ್ತಿರದ್ದು ತನ್ನಿ.

ಕೊಟ್ಟ ಪಗಡಿಯನ್ನು ನೆಲದ ಮೇಲೆ, ಚಪ್ಪಲಿ ಪಕ್ಕದಲ್ಲಿ, ಕುರ್ಚಿಯ ಮೇಲೆ ಇಡಬೇಡಿ. ಮಕ್ಕಳು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹಾಕಿ ಆಡುವುದನ್ನೂ ತಡೆಯಿರಿ.

ಇನ್ನು ಹುಡುಗಿಯ ಸೀರೆಗೋ ಲೆಹಂಗಾಕ್ಕೋ ವರನ ಪಗಡಿ ಮ್ಯಾಚ್ ಆಗಬೇಕು ಅನ್ನುವವರು. ಫೋನಿನ ಫೋಟೋ ನಂಬಬೇಡಿ, ಒಂದೊಂದು ಪರದೆಯಲ್ಲಿ ಒಂದೊಂದು ಬಣ್ಣ ಕಾಣುತ್ತದೆ. ಬ್ಲೌಸ್ ಪೀಸಿನ ಒಂದು ಚೂರು ಕತ್ತರಿಸಿ ಕೊರಿಯರ್ ಮಾಡಿ. ಪಂಜಾಬಿನಲ್ಲಿ ಪಗಡಿ ಬಟ್ಟೆಗೆ ಬೇಕಾದ ಬಣ್ಣ ಹಾಕಿಕೊಡುವ ರಂಗರೇಜರು ಪೇಟೆ ಪೇಟೆಯಲ್ಲಿದ್ದಾರೆ. ಚೂರು ಕೈಗೆ ಸಿಕ್ಕರೆ ಅವರು ಅದೇ ಬಣ್ಣ ತಂದುಕೊಡುತ್ತಾರೆ. ಮದುವೆಗೆ ಒಂದು ತಿಂಗಳು ಇರುವಾಗಲೇ ಕಳಿಸಿ. ದಿಬ್ಬಣದವರ ಲೆಕ್ಕ ಆಮೇಲೆ ಬೆಳೆಯುತ್ತದೆ, ನಾಲ್ಕು ಪಗಡಿಯ ಬಟ್ಟೆ ಜಾಸ್ತಿಯೇ ಹಾಕಿಸಿ. ಎರಡನೇ ಸಲ ಅದ್ದಿಸಿದ್ದು ಮೊದಲಿನದರ ಜೊತೆ ಸರಿಯಾಗಿ ಹೊಂದುವುದು ಕಷ್ಟ.